ತೆಂಗಿನ ಸೀಮೆಯಲ್ಲಿ ಕುದುರೆಯ ಒಡೆತನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ಹೆಸರುಗಳನ್ನು ಕೇಳಿದೊಡನೆ ಮನಸ್ಸಿಗೆ ಬರುವುದು ತೆಂಗು, ಕೊಬ್ಬರಿ. ಅವುಗಳ ಬೆನ್ನಿಗೇ ಎತ್ತು. ಈ ಸೀಮೆಯ ಕಾವಲುಗಳು ಅಮೃತಮಹಲ್ ದನಗಳ ಹೆಸರಿನೊಡನೆ ಸೇರಿಹೋಗಿವೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿಕೊಂಡಿದ್ದ ಇಲಾಖೆಯು ಟಿಪ್ಪುಸುಲ್ತಾನನಿಂದ 'ಅಮೃತಮಹಲ್' ಎಂಬ ಹೆಸರನ್ನು ಪಡೆದ ಸಂಗತಿಯು ಸರ್ವವಿದಿತವಾದುದು. ಹೀಗಿರುವಲ್ಲಿ ಕುದುರೆಗೆ ಇಲ್ಲಿ ಏನು ಸ್ಥಳವೆಂದು ಯಾರಾದರೂ ಕೇಳಬಹುದು. ದೇವಾಲಯದ ಪಟ್ಟಿಕೆಗಳಲ್ಲಿಯೂ ವೀರಗಲ್ಲುಗಳಲ್ಲಿಯೂ ಜಾತ್ರೆಯ ವಾಹನಗಳಲ್ಲಿಯೂ ಕುದುರೆಯುಂಟು; ರೈತನ ಕೊಟ್ಟಿಗೆಯಲ್ಲಿ ಮಾತ್ರ ಇಲ್ಲ. ಇದರಿಂದ ಕನ್ನಡನಾಡಿನಲ್ಲಿ ಕುದುರೆಯು ಅರಸರ ಪ್ರಾಣಿಯೇ ಹೊರತು ಜನರ ಪ್ರಾಣಿಯಲ್ಲವೆಂಬ ಅಭಿಪ್ರಾಯವು ಬೆಳೆದು ಬಂದಿದೆ. ಅಭಿಪ್ರಾಯವು ಅರ್ಧ ಮಾತ್ರ ಸರಿ. ಸ್ವಂತ ಹಣದಿಂದ ಒಂದೇ ಒಂದು ಕುದುರೆಯನ್ನು ಕೊಂಡು, ಅದಕ್ಕೆ ಹುರುಳಿ ಬೇಯಿಸಿಟ್ಟು, ಅದು ಸತ್ತರೆ ತಾನೂ ಕೆಡುವ ಸಾಮಾನ್ಯ ಒಡೆಯನೊಬ್ಬನು ಮೈಸೂರು ಸೀಮೆಯಲ್ಲಿ ಬಹುಕಾಲ ಬಾಳಿದನು. ಮೊದಲು ಅವನ ಹೆಸರು ಸಿಲ್ಲೇದಾರ, ಅನಂತರ ಜಟಕಾದವನು. ಅಶ್ವಶಾಸ್ತ್ರದ ಗ್ರಂಥಗಳು ಇವನನ್ನು ಕಾಣಲಿಲ್ಲ. ಇವನ ಕುರುಹು ಉಳಿದಿರುವುದು ಒಡಂಬಡಿಕೆಯ ಕಾಗದಗಳಲ್ಲಿ ಮತ್ತು ಆಡುಮಾತಿನಲ್ಲಿ.

ರೈತನು ಕುದುರೆಯನ್ನೇಕೆ ಕಟ್ಟಲಿಲ್ಲವೆಂಬುದಕ್ಕೆ ಕಾರಣವು ಪ್ರಾಣಿಯ ಹೊಟ್ಟೆಯಲ್ಲಿಯೇ ಇದೆ. ಎತ್ತು ಮೆಲುಕುಹಾಕುವ ಜಾತಿ. ರಾಗಿಯ ಹುಲ್ಲನ್ನು ಬಣವೆಯಿಂದ ಕಿತ್ತು ಹಾಕಿದರೆ ಅದನ್ನೇ ಎರಡು ಸಲ ಅಗಿದು ರಸವನ್ನು ತೆಗೆದುಕೊಂಡು ಅದು ದುಡಿಯಬಲ್ಲುದು. ಕುದುರೆಯ ಜಠರವು ಒಂದೇ ಕೋಣೆಯದು, ಗಾತ್ರದಲ್ಲಿಯೂ ಸಣ್ಣದು. ಒಣಹುಲ್ಲಿನ ಬಲದಿಂದ ಬದುಕಿದರೂ ಓಡಲಾರದು. ಓಡಬೇಕಾದರೆ ಕಾಳು ಬೇಕು, ಎಂದರೆ ಹುರುಳಿ. ಇಂಗ್ಲಿಷಿನವರು ಈ ಕಾಳಿಗೆ ಕುದುರೆಯ ಹೆಸರನ್ನೇ ಇಟ್ಟಿರುವುದು ಅವರ ದಂಡು ದಕ್ಷಿಣದೇಶದಲ್ಲಿ ಕಲಿತ ಪಾಠದ ಗುರುತು. ಕೆಂಪು ಜರಗು ನೆಲದಲ್ಲಿ, ಮಳೆ ಹಿಂದಾದ ವರ್ಷದಲ್ಲಿಯೂ ಕೈಬಿಡದೆ ಬರುವ ಬೆಳೆ ಇದು. ಆದರೆ ಹುರುಳಿಯು ಮನೆಯವರ ಸಾರಿಗೂ ಬೇಕು. ಒಕ್ಕಲಿನ ಮನೆಯಲ್ಲಿ ಕುದುರೆಯೊಂದನ್ನು ಕಟ್ಟುವುದೆಂದರೆ ಉಣ್ಣುವವನೊಬ್ಬನನ್ನು ಪಂಕ್ತಿಗೆ ಹೆಚ್ಚಿಸಿಕೊಂಡಂತೆ. ಅವನಾದರೋ ಉಳುವವನಲ್ಲ, ಹಾಲು ಕರೆಯುವವನಲ್ಲ, ಅವನ ಗೊಬ್ಬರವೂ ಎತ್ತಿನ ಗೊಬ್ಬರದಷ್ಟು ತೋಟಕ್ಕೆ ಒದಗುವಂತಹುದಲ್ಲ. ಫ್ರಾನ್ಸಿಸ್ ಬುಕಾನನ್ನನು 1800ರಲ್ಲಿ ಈ ಪ್ರಾಂತ್ಯದಲ್ಲಿ ಸಂಚರಿಸಿ ತೆಂಗಿನ ತೋಟಗಳ ಕೃಷಿಯನ್ನು ಸವಿಸ್ತಾರವಾಗಿ ಬರೆದಿಟ್ಟನು. ಆಗ ಮೈಸೂರು ಸೀಮೆಯ ವ್ಯಾಪಾರದ ಸರಕೆಲ್ಲ ಹೇರೆತ್ತುಗಳ ಬೆನ್ನಿನ ಮೇಲೆಯೇ ಸಾಗುತ್ತಿದ್ದಿತು. ಶಾನುಭೋಗನೋ ಅಮಲ್ದಾರನೋ ಸವಾರಿಗಾಗಿ ತಟ್ಟುವೊಂದನ್ನು ಇಟ್ಟುಕೊಂಡಿದ್ದರೆ ಅದು ಅಧಿಕಾರದ ಚಿಹ್ನೆಯೇ ಹೊರತು ಬೇಸಾಯದ ಸಾಧನವಲ್ಲ.

ಅರಸರ ವಿಷಯವು ಬೇರೆ. ಅರಳಗುಪ್ಪೆಯ ಚೆನ್ನಕೇಶವ ದೇವಾಲಯದಂತಹ ಹೊಯ್ಸಳರ ಕಟ್ಟಡಗಳು ಈ ಸೀಮೆಯಲ್ಲಿ ಹಲವಿವೆ. ಆ ಶೈಲಿಯ ದೇವಾಲಯಗಳ ಅಡಿಪಟ್ಟಿಕೆಗಳಲ್ಲಿ ಆನೆಯ ಸಾಲಿನ ಮೇಲುಗಡೆ ರಾಹುತರ ಸಾಲು ನಡೆಯುವುದನ್ನು ನೋಡಿದವರು ಬಲ್ಲರು. ಫ್ರೆಂಚ್ ವಿದ್ವಾಂಸ ಜ್ಯಾಂ ದೆಲೋಷರು ಹೊಯ್ಸಳ ಶಿಲ್ಪದಲ್ಲಿನ ಯುದ್ಧಸಾಮಗ್ರಿಯನ್ನು ಪರಿಶೀಲಿಸಿ, ಹನ್ನೆರಡು ಹದಿಮೂರನೆಯ ಶತಮಾನಗಳ ಕುದುರೆಯ ಸಜ್ಜು ಹೇಗಿದ್ದಿತೆಂಬುದಕ್ಕೆ ಈ ಪಟ್ಟಿಕೆಗಳು ಉತ್ತಮ ಸಾಕ್ಷಿಯೆಂದು ತೋರಿಸಿರುವರು. ಹಲ್ಲಣವೂ ಅಂಕವಣಿಯೂ ಕಡಿವಾಣವೂ ಅಲ್ಲಿ ಕಲ್ಲಿನಲ್ಲಿ ನಿಂತಿವೆ. ಆದರೆ ಈ ಕುದುರೆಗಳು ಹುಟ್ಟಿದುದು ಇಲ್ಲಿಯಲ್ಲ. ತಿಪಟೂರಿಗೆ ನೆರೆಯಾದ ಅರಸೀಕೆರೆ ಸೀಮೆಯ ಹೊಯ್ಸಳರ ಕಾಲದ ಶಾಸನವೊಂದು, ಕಡಲ ಮಾರ್ಗವಾಗಿ ಹಡಗುಗಳಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಯನ್ನು ಹೊಗಳುತ್ತದೆ. 'ತೇಜಿ' ಎಂಬ ಮಾತನ್ನು ಕನ್ನಡಿಗರು ತಮ್ಮದೇ ಎಂಬಂತೆ ಬಳಸುತ್ತಾರೆ. ಅದು ಅರಬೀ ಕುದುರೆಗೆ ಪಾರಸಿಯವರಿಟ್ಟ 'ತಾಜೀ' ಎಂಬ ಹೆಸರು. ಹನ್ನೆರಡನೆಯ ಶತಮಾನದ ಹೇಮಚಂದ್ರನ ಕೋಶದಲ್ಲಿ ಕುದುರೆಯ ಬಣ್ಣಗಳಿಗೆ ಬಂದಿರುವ 'ಕೋಕಾಹ', 'ಖೋಂಗಾಹ', 'ಸೇರಾಹ' ಮೊದಲಾದ ಶಬ್ದಗಳು ಸಂಸ್ಕೃತದ ವೇಷವನ್ನು ತೊಟ್ಟ ಪರದೇಶಿಗಳೇ ಆಗಿವೆ. ಸರಕು ಬಂದ ದಾರಿಯಲ್ಲಿಯೇ ಮಾತೂ ಬಂದಿತು.

ಬಂದ ಕುದುರೆಗಳು ಬಹುಕಾಲ ಬಾಳುತ್ತಿರಲಿಲ್ಲ. ಮಾರ್ಕೊ ಪೋಲೋ ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯ ನಾಡಿನ ವಿಷಯವಾಗಿ ಬರೆಯುತ್ತ, ಕುದುರೆಗಳು ಆರೈಕೆಯಿಲ್ಲದೆ ಸಾಯುತ್ತಿದ್ದುವೆಂದೂ, ಮಾರಾಟವು ಕುಗ್ಗದಿರಲೆಂದು ವರ್ತಕರು ಲಾಳ ಕಟ್ಟುವ ಚಿಕಿತ್ಸಕರನ್ನು ಆ ಕಡೆಗೆ ಬರಗೊಡುತ್ತಿರಲಿಲ್ಲವೆಂದೂ ಹೇಳುತ್ತಾನೆ. ಇದರಲ್ಲಿ ಪ್ರವಾಸಿಯ ಉತ್ಪ್ರೇಕ್ಷೆ ಎಷ್ಟೇ ಇರಲಿ, ವರ್ತಕನ ಮನಸ್ಸನ್ನು ಅವನು ಚೆನ್ನಾಗಿ ಓದಿದ್ದನೆಂದು ಒಪ್ಪಬೇಕು. ವಿಜಯನಗರದ ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ಣ ಬೆಲೆಯನ್ನು ಕೊಡುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜನು ಬರೆದಿದ್ದಾನೆ. ಬಾಲಕ್ಕೆ ಹಣ ಕೊಡಬಲ್ಲವನು ಅರಸನೊಬ್ಬನೇ.

ಇಂತಹ ಒಡೆಯನಿಗಾಗಿ ಬರೆದ ಶಾಸ್ತ್ರವು ಅವನ ಲಾಯಕ್ಕೆ ತಕ್ಕಂತಿರುವುದು ಸಹಜ. ಕಲ್ಯಾಣದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಯ ಜಾತಿ, ಲಕ್ಷಣ, ಶಿಕ್ಷಣಗಳೂ, ಕುದುರೆಯೇರಿ ಚೆಂಡಾಡುವ ವಾಜಿವಾಹ್ಯಾಲಿಯೂ ನಿರೂಪಿತವಾಗಿವೆ. ಕನ್ನಡದಲ್ಲಿ ಅಭಿನವಚಂದ್ರನ 'ಅಶ್ವವೈದ್ಯ'ವು ಸುಮಾರು 1400ರದೆಂದು ಎಣಿಕೆ. ಪದ್ಮಣ ಪಂಡಿತನ 'ಹಯಸಾರಸಮುಚ್ಚಯ'ವು ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ 1627ರಲ್ಲಿ ಹುಟ್ಟಿದುದು. ಈ ಪರಂಪರೆಗೆಲ್ಲ ಶಾಲಿಹೋತ್ರನೇ ಮೂಲಪುರುಷ. ಉತ್ತರದೇಶದಲ್ಲಿ ಕುದುರೆಯ ವೈದ್ಯನಿಗೆ 'ಸಲೋತ್ರಿ' ಎಂದು ಹೆಸರು ಬಂದುದೂ ಅವನಿಂದಲೇ. ಸುಳಿ, ಬಣ್ಣ, ಧ್ವನಿ, ಗಂಧ ಮುಂತಾದ ಲಕ್ಷಣಗಳಿಗೆ ಈ ಶಾಸ್ತ್ರವು ಕೊಟ್ಟಿರುವ ಸ್ಥಳವು ದೊಡ್ಡದು. ಹಲವು ಕುದುರೆಗಳಲ್ಲಿ ಒಂದನ್ನು ಆರಿಸುವವನಿಗೆ ಅದು ಬೇಕಾದ ವಿದ್ಯೆ. ಇದ್ದ ಒಂದನ್ನೇ ಉಳಿಸಿಕೊಳ್ಳಬೇಕಾದವನ ಪ್ರಶ್ನೆಯು ಬೇರೆ. ಆದರೂ ಲಕ್ಷಣಶಾಸ್ತ್ರದ ಕೆಲವು ಮಾತುಗಳು ಅರಮನೆಯಿಂದ ಸಂತೆಗೆ ಇಳಿದುವೆಂಬುದು ನಿಜ. ನಾಲ್ಕು ಕಾಲುಗಳೂ ಮುಖವೂ ಬೆಳ್ಳಗಿರುವ 'ಪಂಚಕಲ್ಯಾಣಿ'ಯು ಎಲ್ಲರ ಬಾಯಲ್ಲಿಯೂ ಉಂಟು. ಸುಳಿ ನೋಡಿ ಬೆಲೆ ಇಳಿಸುವ ಜಾಣತನವು ಕುದುರೆ ವ್ಯಾಪಾರದಲ್ಲಿಯೂ ದನದ ವ್ಯಾಪಾರದಲ್ಲಿಯೂ ಒಂದೇ.

ಇನ್ನು ಸಿಲ್ಲೇದಾರನ ವಿಚಾರ. 'ಸಿಲಾಹ್‌ದಾರ್' ಎಂದರೆ ಪಾರಸಿಯಲ್ಲಿ ಆಯುಧವುಳ್ಳವನು. ದಕ್ಷಿಣದ ಸೇನೆಗಳಲ್ಲಿ ಈ ಮಾತಿಗೆ ನಿಶ್ಚಿತವಾದ ಅರ್ಥವೊಂದು ಬಂದಿತು: ಕುದುರೆ, ಜೀನು, ಕತ್ತಿ, ಈಟಿ ಎಲ್ಲವನ್ನೂ ತಾನೇ ತಂದು, ತಿಂಗಳ ಸಂಬಳದಲ್ಲಿ ತನ್ನ ಹೊಟ್ಟೆಯನ್ನೂ ಕುದುರೆಯ ಹೊಟ್ಟೆಯನ್ನೂ ಹೊರೆಯುವ ಸವಾರ. ಸರ್ಕಾರದ ಪಾಗೆಯ ಕುದುರೆಯನ್ನೇರುವವನು ಬಾರಗೀರನು. ಇಬ್ಬರಿಗೂ ಇರುವ ಅಂತರವು ಯುದ್ಧದಲ್ಲಿ ಕುದುರೆ ಬಿದ್ದ ಕ್ಷಣದಲ್ಲಿ ಗೊತ್ತಾಗುತ್ತಿದ್ದಿತು. ಬಾರಗೀರನ ಕುದುರೆ ಸತ್ತರೆ ನಷ್ಟವು ಸರ್ಕಾರದ್ದು. ಸಿಲ್ಲೇದಾರನದು ಸತ್ತರೆ ಅವನು ಮತ್ತೊಂದನ್ನು ಕೊಳ್ಳಬೇಕು, ಇಲ್ಲವೇ ಮಾನವನ್ನು ಬಿಟ್ಟು ಇನ್ನೊಬ್ಬನ ಕುದುರೆಯ ಮೇಲೆ ಬಾರಗೀರನಾಗಬೇಕು.

1799ರ ಬಳಿಕ ಮೈಸೂರು ಸಂಸ್ಥಾನಕ್ಕೆ ಈ ಪದ್ಧತಿಯು ರಾಜ್ಯಾಂಗದ ವಿಷಯವೇ ಆಯಿತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1807ರ ಜನವರಿಯಲ್ಲಿ ಕಂಪೆನಿಯೊಡನೆ ಆದ ಪೂರಕ ಒಡಂಬಡಿಕೆಯಂತೆ ಸಂಸ್ಥಾನವು ಸದಾ 4000 ಕುದುರೆ ಸವಾರರನ್ನು ಸಿದ್ಧವಾಗಿ ಇಟ್ಟಿರಬೇಕಾಯಿತು. ಇವರಲ್ಲಿ ಸುಮಾರು 500 ಮಂದಿ ಬಾರಗೀರರು, ಮಿಕ್ಕವರೆಲ್ಲ ಸಿಲ್ಲೇದಾರರು. ಎಂದರೆ ಸಂಸ್ಥಾನದ ಅಶ್ವಬಲದ ಎಂಟರಲ್ಲಿ ಏಳು ಪಾಲು ಸಾಮಾನ್ಯ ಜನರ ಸ್ವಂತ ಆಸ್ತಿಯಾಗಿದ್ದಿತು. ಅಶ್ವಬಲವೆಂದರೆ ಅರಸನ ಲಾಯವೆಂದು ಭಾವಿಸುವವರು ಈ ಲೆಕ್ಕವನ್ನು ಗಮನಿಸತಕ್ಕದ್ದು. ಒಡಂಬಡಿಕೆಗೆ ಮೊದಲೇ ಮೈಸೂರಿನ ಸವಾರರು ವೆಲೆಸ್ಲಿಯೊಡನೆ 1803ರ ಮರಾಠಾ ಯುದ್ಧದಲ್ಲಿದ್ದರು. ಅನಂತರ 1817ರ ಡಿಸೆಂಬರ್ 21ರಂದು ಮಹೀದ್‌ಪುರದ ಕಾಳಗದಲ್ಲಿಯೂ ಇದ್ದರು. ಅಸ್ಸಾಯಿಯ ಕದನವು ನಡೆದುದು 1803ರ ಸೆಪ್ಟೆಂಬರ್ 23ರಂದು. ಮೈಸೂರು ಲ್ಯಾನ್ಸರ್ ದಳವು ಜೋಧಪುರದವರೊಡನೆ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಹಿಡಿದುದು 1918ರ ಸೆಪ್ಟೆಂಬರ್ 23ರಂದು. ಇದು ಕೇವಲ ಕಾಕತಾಳೀಯ; ಆದರೂ ಮೈಸೂರಿನ ಅಶ್ವದಳದ ಚರಿತ್ರೆಯನ್ನು ಓದುವವರು ಆ ತಾರೀಖಿನ ಬಳಿ ಒಂದು ಕ್ಷಣ ನಿಲ್ಲುವುದುಂಟು.

ಸಿಲ್ಲೇದಾರರು ಶತ್ರುವಿನ ಸಾಲಿನ ಮೇಲೆ ನೇರವಾಗಿ ಎರಗುವುದಕ್ಕೆ ಹಿಂಜರಿಯುತ್ತಿದ್ದರೆಂದು ದಕ್ಷಿಣದ ಸೇನೆಗಳನ್ನು ಕಂಡ ಆಂಗ್ಲ ಲೇಖಕರು ಆಕ್ಷೇಪಿಸಿರುವರು. ಇದು ಹೇಡಿತನವಲ್ಲ, ಲೆಕ್ಕಾಚಾರ. ಗಾಯವು ಮಾಯಬಹುದು, ಕುದುರೆಯ ಬೆಲೆ ಹುಟ್ಟಬೇಕಾದರೆ ವರ್ಷಗಳು ಬೇಕು. ಹೊಲವನ್ನು ಅಡವಿಟ್ಟೋ ಹೆಂಡತಿಯ ಒಡವೆಯನ್ನು ಮಾರಿಯೋ ಕೊಂಡ ಪ್ರಾಣಿಯನ್ನು ಫಿರಂಗಿಯ ಬಾಯಿಗೆ ಒಡ್ಡೆಂದು ಹೇಳುವವನು, ಸತ್ತರೆ ಮತ್ತೊಂದನ್ನು ಕೊಡುವೆನೆಂಬ ಮಾತನ್ನೂ ಸೇರಿಸಿ ಹೇಳಬೇಕಾಗಿದ್ದಿತು. ಬ್ರಿಟಿಷ್ ಇಂಡಿಯಾದ ಸಿಲ್ಲೇದಾರ ದಳಗಳಲ್ಲಿ ಈ ಕಷ್ಟಕ್ಕೆ ಉಪಾಯವೊಂದನ್ನು ಕಂಡುಕೊಂಡಿದ್ದರು. ಸವಾರರೆಲ್ಲರೂ ತಿಂಗಳು ತಿಂಗಳೂ ಚಂದಾ ಕೂಡಿಸಿ ನಿಧಿಯನ್ನು ಮಾಡಿ, ಸತ್ತ ಕುದುರೆಗೆ ಅದರಿಂದ ಬದಲಿಯನ್ನು ಒದಗಿಸುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಕುದುರೆಗಳು ಸತ್ತ ವೇಗಕ್ಕೆ ಯಾವ ನಿಧಿಯೂ ಸಾಲದೆ ಹೋಗಿ, ಯುದ್ಧಾನಂತರ ಪದ್ಧತಿಯೇ ರದ್ದಾಯಿತು. ಮೈಸೂರಿನಲ್ಲಿ ಅದಕ್ಕೂ ಮೊದಲೇ, 1892ರಲ್ಲಿ, ಸಿಲ್ಲೇದಾರ ದಳದ ಒಂದು ಭಾಗವನ್ನು ಆರಿಸಿ ಸಾಮ್ರಾಜ್ಯ ಸೇವೆಯ ಲ್ಯಾನ್ಸರ್ ದಳವನ್ನಾಗಿ ಮಾಡಿದರು. ಹೈಫಾಕ್ಕೆ ಹೋದವರು ಇವರೇ.

ತುರುವೇಕೆರೆಗೆ ತಗುಲಿಕೊಂಡಿರುವ ಕುಣಿಗಲಿನ ಅಶ್ವಶಾಲೆಯನ್ನು ಈ ಸಂದರ್ಭದಲ್ಲಿಯೇ ನೆನೆಯಬೇಕು. ಅದನ್ನು ಟಿಪ್ಪುಸುಲ್ತಾನನು ತನ್ನ ಅಶ್ವಸೈನ್ಯಕ್ಕಾಗಿ ಏರ್ಪಡಿಸಿದನೆಂದು ಪ್ರತೀತಿ. ಹತ್ತೊಂಬತ್ತನೆಯ ಶತಮಾನದ ಗ್ಯಾಸೆಟಿಯರುಗಳು ಅದನ್ನು ಸಿಲ್ಲೇದಾರರಿಗೆ ಕುದುರೆಗಳನ್ನು ಬೆಳೆಸುವ ಸ್ಥಳವೆಂದು ವರ್ಣಿಸುತ್ತವೆ. ದಕ್ಷಿಣದ ಸವಾರನು ನೆಚ್ಚಿದ್ದುದು ಭೀಮಾ ನದಿಯ ಬಯಲಿನ ಭೀಮಥಡಿ ತಳಿಯನ್ನೂ ನಾಡಿನ ತಟ್ಟುಗಳನ್ನೂ. ಇವು ಗಾತ್ರದಲ್ಲಿ ಸಣ್ಣವು, ಗಟ್ಟಿ ಗೊರಸಿನವು, ಅಲ್ಪಾಹಾರದಲ್ಲಿ ದೂರ ನಡೆಯುವಂತಹವು. ಅರಬೀ ರಕ್ತವನ್ನು ಬೆರೆಸಿ ಎತ್ತರವನ್ನೂ ವೇಗವನ್ನೂ ಪಡೆಯುವುದು ಅಶ್ವಶಾಲೆಗಳ ಉದ್ದೇಶ. ಎತ್ತರ ಹೆಚ್ಚಿದಂತೆ ಹುರುಳಿಯ ಖರ್ಚೂ ಹೆಚ್ಚುವುದೆಂಬುದನ್ನು ಸರ್ಕಾರದ ಲಾಯವು ಮರೆಯಬಹುದು, ಸಿಲ್ಲೇದಾರನು ಮರೆಯಲಾರನು. 1948ರ ಬಳಿಕ ಕುಣಿಗಲಿನ ಶಾಲೆಯು ಗುತ್ತಿಗೆಗೆ ಹೋಗಿ ಪಂದ್ಯದ ಕುದುರೆಗಳ ತವರಾಯಿತು. ಆ ಕಥೆಯು ಇಲ್ಲಿಯ ವಿಷಯಕ್ಕೆ ಹೊರಗು.

ಸಿಲ್ಲೇದಾರನ ಕಾಲವು ಮುಗಿಯುತ್ತಿದ್ದ ಹೊತ್ತಿಗೆ ತೆಂಗಿನ ಸೀಮೆಗೆ ರೈಲು ಬಂದಿತು. ತುಮಕೂರನ್ನು ದಾಟಿ ತಿಪಟೂರು, ಅರಸೀಕೆರೆಗಳ ಮೇಲೆ ಹಾದ ಹರಿಹರದ ಮಾರ್ಗವು 1889ರಲ್ಲಿ ಪೂರ್ತಿಯಾಯಿತು. ಹೊನ್ನವಳ್ಳಿಗೆ ಇದ್ದ ತಾಲ್ಲೂಕು ಕಚೇರಿಯ ಗೌರವವು ತಿಪಟೂರಿಗೆ ಸಂದಿತು. ಕೊಬ್ಬರಿ ಮಂಡಿಗಳು ಬೆಳೆದುವು. ಉಗಿಯ ಬಂಡಿಯು ಬಂದ ಮೇಲೆ ಕುದುರೆಯು ಮೂಲೆಗೆ ಸರಿಯಬೇಕಾಗಿದ್ದಿತೆಂದು ತೋರಬಹುದು. ನಡೆದುದು ಅದಕ್ಕೆ ವಿರುದ್ಧ. ಇಂಗ್ಲೆಂಡಿನಲ್ಲಿಯೂ ರೈಲು ಹಬ್ಬಿದ ಮೇಲೆಯೇ ಪಟ್ಟಣದ ಕುದುರೆಗಳ ಸಂಖ್ಯೆ ಏರಿತು. ರೈಲು ಬಂದು ನಿಲ್ಲುವುದು ನಿಲ್ದಾಣದಲ್ಲಿ. ಮನೆಯ ಬಾಗಿಲಿಗೆ ಕರೆದೊಯ್ಯಲು ಮತ್ತೊಂದು ಬಂಡಿ ಬೇಕು. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಂತೂ ಹಳಿಯಿಂದ ದೂರವೇ ಉಳಿದುವು. ಬಾಣಸಂದ್ರದಂತಹ ನಿಲ್ದಾಣದಲ್ಲಿ ಇಳಿದವನು ಮುಂದಿನ ದಾರಿಯನ್ನು ಬಂಡಿಯಲ್ಲಿಯೋ ಕಾಲ್ನಡಿಗೆಯಲ್ಲಿಯೋ ಸವೆಸಬೇಕಾಗಿದ್ದಿತು. ಸರಕಿಗೆ ಎತ್ತಿನ ಗಾಡಿ. ಆತುರವುಳ್ಳ ಮನುಷ್ಯನಿಗೆ ಜಟಕಾ.

ಜಟಕಾ ಬಂಡಿಯ ರಚನೆಯು ಸರಳವಾದುದು. ಎರಡು ಗಾಲಿ, ಕಮಾನು ಹೊದಿಕೆಯ ಮರದ ಗೂಡು, ಕೆಳಗೆ ಹುಲ್ಲು ಹಾಸಿ ಮೇಲೊಂದು ಗೋಣಿ ಅಥವಾ ಜಮಖಾನ, ಮುಂದೆ ಎರಡು ಕೋಲುಗಳ ನಡುವೆ ಒಂದು ತಟ್ಟು. ಗಾಲಿ ಎರಡೇ ಆದುದರಿಂದ ಭಾರವು ಹಿಂದಾದರೆ ಕೋಲುಗಳು ಮೇಲೆದ್ದು ಹೊಟ್ಟೆಯ ಪಟ್ಟಿಯು ಕುದುರೆಯನ್ನು ಎತ್ತುತ್ತದೆ. ಮುಂದಾದರೆ ಬೆನ್ನಿನ ಮೇಲೆ ಹೇರು ಬೀಳುತ್ತದೆ. ಜಟಕಾದವನು ಸವಾರಿಯವರನ್ನು ಮುಂದಕ್ಕೆ ಬನ್ನಿ, ಹಿಂದಕ್ಕೆ ಸರಿಯಿರಿ ಎಂದು ದಾರಿಯುದ್ದಕ್ಕೂ ಕಾಡುತ್ತಿದ್ದುದು ಕುದುರೆಯ ಬೆನ್ನಿಗಾಗಿ. ಕೂತವರು ಅದನ್ನು ಅವನ ದರ್ಪವೆಂದು ತಿಳಿದು ಗೊಣಗುತ್ತಿದ್ದರು. ಹಳೆಯ ಮೈಸೂರಿನ ಊರುಗಳಲ್ಲಿ ಈ ವೃತ್ತಿಯನ್ನು ಹಿಡಿದವರಲ್ಲಿ ಮುಸಲ್ಮಾನರು ಹೆಚ್ಚು. 'ಸಾಬರೇ, ಸ್ಟೇಷನ್ನಿಗೆ ಬರುತ್ತೀರಾ?' ಎಂಬುದೇ ಬಾಡಿಗೆಯ ಮೊದಲ ಮಾತು. 1943ರಲ್ಲಿ ಪ್ರಕಟವಾದ ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'ದಲ್ಲಿ ಜಟಕಾ ಬಂಡಿಯು ತತ್ತ್ವದ ಉಪಮಾನವಾಗಿ ನಿಂತಿರುವುದನ್ನು ಪಾಠ ಹೇಳುವ ಉಪಾಧ್ಯಾಯರೆಲ್ಲರೂ ಬಲ್ಲರು. ಜಟಕಾವನ್ನು ಕಣ್ಣಿನಿಂದ ಕಾಣದ ಹುಡುಗರಿಗೆ ಆ ಪದ್ಯವು ಅರ್ಥವಾಗಬೇಕಾದರೆ, ಲಗಾಮು ಯಾರ ಕೈಯಲ್ಲಿತ್ತು, ಕುದುರೆಗೆ ದಾರಿ ಎಷ್ಟು ಕಾಣುತ್ತಿತ್ತು, ಕಣ್ಣಿನ ಎರಡು ಪಕ್ಕದಲ್ಲಿಯೂ ತೊಗಲಿನ ಪಟ್ಟಿಯನ್ನೇಕೆ ಕಟ್ಟುತ್ತಿದ್ದರೆಂಬುದನ್ನು ಮೊದಲು ಹೇಳಬೇಕಾಗುತ್ತದೆ.

ಸಜ್ಜಿನ ಹೆಸರುಗಳಲ್ಲಿ ಎರಡು ಪದರಗಳು ಕಾಣುತ್ತವೆ. ಹಲ್ಲಣ, ಅಂಕವಣಿ, ಕಡಿವಾಣಗಳು ಹಳೆಯ ಪದರ; ಜೀನು, ರಿಕಾಪು, ಲಗಾಮು, ಚಾಬುಕುಗಳು ಪಾರಸಿಯಿಂದ ದಂಡಿನೊಡನೆ ಬಂದ ಪದರ. ಹೊಸದು ಹಳೆಯದನ್ನು ಎಲ್ಲ ಕಡೆಯಲ್ಲಿಯೂ ಒಂದೇ ಸಮನಾಗಿ ಅಳಿಸಲಿಲ್ಲ. ಅಂಕವಣಿಯು ಕೋಶವನ್ನು ಸೇರಿತು. ಹಲ್ಲಣವು ಕಾವ್ಯದಲ್ಲಿ ಉಳಿಯಿತು. ಕಡಿವಾಣವು ಮಾತ್ರ ಕುದುರೆಯ ಬಾಯನ್ನು ಬಿಟ್ಟು ಬೆಲೆಗಳಿಗೂ ಖರ್ಚಿಗೂ ಹಾಕುವ ಸಾಧನವಾಗಿ ಇಂದಿನ ವೃತ್ತಪತ್ರಿಕೆಗಳಲ್ಲಿ ಮೆರೆಯುತ್ತಿದೆ. ಲಾಳದ ಕಥೆಯು ಇನ್ನೂ ವಿಶೇಷವಾದುದು. ಎತ್ತಿನ ಗೊರಸು ಸೀಳಿರುವುದರಿಂದ ಅದಕ್ಕೆ ಎರಡು ತುಂಡು ಲಾಳ. ಹೊಡೆಯುವುದಕ್ಕೆ ಎತ್ತನ್ನು ಹಗ್ಗ ಹಾಕಿ ಕೆಡವಬೇಕು. ಕುದುರೆಗೆ ಬಳೆಯಂತೆ ಬಾಗಿದ ಒಂದೇ ಲಾಳ. ನಿಂತಂತೆಯೇ ಕಾಲನ್ನು ಮಡಿಸಿ ಹಿಡಿದು ಹೊಡೆಯಬೇಕು. ಮೊಳೆಯು ಒಂದು ಕಾಳಿನಷ್ಟು ಒಳಗಾದರೆ ಜೀವವಿರುವ ಭಾಗಕ್ಕೆ ತಗುಲಿ ಕುದುರೆ ಕುಂಟುತ್ತದೆ. ಆ ಗಾಯದಿಂದ ಧನುರ್ವಾಯು ಬಂದರೆ ಉಳಿಯುವುದು ಅಪೂರ್ವ. ಗೊರಸು ಉಗುರಿನಂತೆ ಬೆಳೆಯುವುದರಿಂದ ಐದಾರು ವಾರಗಳಿಗೊಮ್ಮೆ ಲಾಳವನ್ನು ಕಿತ್ತು, ಕೊರೆದು, ಮತ್ತೆ ಕಟ್ಟಿಸುವ ಖರ್ಚು ತಪ್ಪದು.

ಕುದುರೆಯ ಆರೋಗ್ಯವೆಂದರೆ ಈ ಒಡೆಯನಿಗೆ ಮುಖ್ಯವಾಗಿ ಮೂರು ಸ್ಥಳಗಳು: ಬೆನ್ನು, ಗೊರಸು, ಹೊಟ್ಟೆ. ಬೆನ್ನಿನ ಹುಣ್ಣು ಸಜ್ಜಿನ ದೋಷದಿಂದ. ಗೊರಸಿನ ಕೊಳೆತವು ತೇವದ ಲಾಯದಿಂದ. ಹೊಟ್ಟೆಯದೇ ಭಯಂಕರವಾದುದು. ಕುದುರೆಗೆ ವಾಂತಿಯಾಗದು, ಒಳಗೆ ಹೋದುದು ಬಂದ ದಾರಿಯಲ್ಲಿ ಹಿಂದಿರುಗುವುದಿಲ್ಲ. ಒಣ ಹುರುಳಿಯನ್ನು ತಿಂದು ನೀರು ಕುಡಿದರೆ ಕಾಳು ಒಳಗೆ ಉಬ್ಬಿ ಶೂಲೆಯೇಳುತ್ತದೆ. ಹುರುಳಿಯನ್ನು ಬೇಯಿಸಿ, ಆರಿಸಿ, ಹೊತ್ತು ತಪ್ಪದೆ ಅಳೆದಿಡುವ ದಕ್ಷಿಣದೇಶದ ವಾಡಿಕೆಯು ಯಾವ ಗ್ರಂಥವನ್ನೂ ಓದದವನ ಶಾಸ್ತ್ರ. ವಯಸ್ಸಿನ ವಿಷಯದಲ್ಲಿ ಗ್ರಂಥವೂ ಸಂತೆಯೂ ಒಂದೇ ಮಾತನ್ನಾಡುತ್ತವೆ: ಬಾಯಿ ತೆರೆದು ಹಲ್ಲು ನೋಡು. ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಗಳಲ್ಲಿ ಮುಂಬಲ್ಲುಗಳು ಜೋಡಿ ಜೋಡಿಯಾಗಿ ಬದಲಾಗುತ್ತವೆ. ಐದಕ್ಕೆ ಬಾಯಿ ತುಂಬುತ್ತದೆ. ಆಮೇಲೆ ಸವೆತವೇ ಲೆಕ್ಕ.

ಅಂಟುರೋಗಗಳ ಮುಂದೆ ಮಾತ್ರ ಈ ಅನುಭವವು ನಿಲ್ಲುತ್ತಿರಲಿಲ್ಲ. ಸೊಳ್ಳೆ ನೊಣಗಳ ಕಾಲದಲ್ಲಿ ಜ್ವರ ಹಿಡಿದು ಸೊರಗಿ ಸಾಯುವ 'ಸರ್ರಾ' ರೋಗದ ಕ್ರಿಮಿಯನ್ನು ಗ್ರಿಫಿತ್ ಇವಾನ್ಸನು 1880ರಲ್ಲಿ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನಿನಲ್ಲಿ ಕಂಡುಹಿಡಿದನು. ಮೂಗಿನಲ್ಲಿ ಹುಣ್ಣಾಗಿ ಕೀವು ಸೋರುವ ಗ್ಲ್ಯಾಂಡರ್ಸ್ ರೋಗವು ಮನುಷ್ಯನಿಗೂ ತಗಲುವುದರಿಂದ 1899ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಅದಕ್ಕಾಗಿ ಪ್ರತ್ಯೇಕ ಶಾಸನವಾಯಿತು. 2009ರ ಪ್ರಾಣಿರೋಗ ನಿಯಂತ್ರಣ ಶಾಸನವು ಬರುವವರೆಗೂ ಅದು ಉಳಿದಿದ್ದಿತು. ರೋಗ ನಿಶ್ಚಯವಾದ ಕುದುರೆಯನ್ನು ಕೊಲ್ಲತಕ್ಕದ್ದೆಂಬುದೇ ಅದರ ಸಾರ. ಲೋಕದ ಕ್ಷೇಮಕ್ಕೆ ಇದು ಅವಶ್ಯಕ. ಒಂದೇ ಕುದುರೆಯ ಒಡೆಯನಿಗೆ ಇದು ಸಿಲ್ಲೇದಾರನ ಹಳೆಯ ಭಯವೇ ಬೇರೊಂದು ರೂಪದಲ್ಲಿ ಬಂದಂತೆ. ಪರೀಕ್ಷೆಗೆ ಬರುವವರನ್ನು ಕಂಡರೆ ಜಟಕಾದವರು ಸಂದಿಗೊಂದಿಗಳಲ್ಲಿ ಬಂಡಿ ತಿರುಗಿಸಿದ್ದರೆ ಅದನ್ನು ಅಜ್ಞಾನವೆಂದು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಮೋಟಾರು ಬಸ್ಸೂ ಅನಂತರ ಆಟೋರಿಕ್ಷಾವೂ ನಿಲ್ದಾಣದ ಅಂಗಳವನ್ನು ಹಿಡಿದ ಮೇಲೆ ಮೈಸೂರು ಸೀಮೆಯ ಊರುಗಳಲ್ಲಿ ಜಟಕಾಗಳು ಕರಗಿದುವು. ತಿಪಟೂರಿನ ಕೊಬ್ಬರಿಯು ಈಗ ಲಾರಿಯಲ್ಲಿ ಹೋಗುತ್ತದೆ. ಎಣ್ಣೆ ತೆಗೆದು ಉಳಿದ ಕೊಬ್ಬರಿಯ ಹಿಂಡಿಯನ್ನು ಆಸ್ಟ್ರೇಲಿಯಾದಲ್ಲಿ ಇಂದು ಕುದುರೆಯ ಮೇವೆಂದು ಚೀಲದಲ್ಲಿ ಮಾರುತ್ತಾರೆ. ತೆಂಗಿನ ಸೀಮೆಯಲ್ಲಿ ಹಿಂಡಿಯು ಹಸುವಿನ ಬಾನಿಗೆ ಬೀಳುತ್ತದೆ. ಹುರುಳಿಯು ಸಾರಾಗಿ ಮುದ್ದೆಯ ಪಕ್ಕಕ್ಕೆ ಬರುತ್ತದೆ.